ಒಂಬತ್ತನೇ ಕಿಲೋಮೀಟರಿನ ಕಲ್ಲುಪುಡಿ

ಗಾದೆಪ್ಪ ರಸ್ತೆ ಕೆಲಸಕ್ಕೆ ಸೇರಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ, ಬಿಟ್ಟದ್ದು ಅರವತ್ತಕ್ಕೆ. ನಡುವಿನ ಮೂವತ್ತೊಂದು ವರ್ಷವೂ ಒಂದೇ ರಸ್ತೆ. ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಗುಡ್ಡದ ಮಗ್ಗುಲಿಗೆ ಹೊರಳುವ ಹದಿನಾಲ್ಕು ಕಿಲೋಮೀಟರಿನ ಡಾಂಬರು ರಸ್ತೆ. ಇಲಾಖೆಯ ಪುಸ್ತಕದಲ್ಲಿ ಅದಕ್ಕೊಂದು ನಂಬರು ಇದೆ. ಸುತ್ತಲಿನ ಹಳ್ಳಿಯವರು ಗಾದೆಪ್ಪನ ರಸ್ತೆ ಅನ್ನುತ್ತಾರೆ. ಅನ್ನುತ್ತಾರೆ ಅಷ್ಟೆ, ಆ ಗಾದೆಪ್ಪನೇ ಎದುರಿಗೆ ಸೈಕಲ್ ತಳ್ಳಿಕೊಂಡು ಬಂದರೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುತ್ತಾರೆ.

ಅವನ ಬಗ್ಗೆ ಬರೆಯುತ್ತಿರುವ ನಾನು ಪ್ರವೀಣಕುಮಾರ್. ಕೊಟ್ಟೂರು ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಜೊತೆಗೆ ದಾವಣಗೆರೆಯಲ್ಲಿ ಅಚ್ಚಾಗುವ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತೇನೆ. ಇಪ್ಪತ್ತು ವರ್ಷದಿಂದ ಸತ್ತವರ ಸುದ್ದಿ, ಶಾಲು ಹೊದ್ದವರ ಸುದ್ದಿ, ಬಸ್ಸಿಗಾಗಿ ರಸ್ತೆ ತಡೆದವರ ಸುದ್ದಿ ಬರೆದೂ ಬರೆದೂ ನನಗೆ ಸಾಕಾಗಿದೆ. ಸಾಕಾದವನು ಸರಿಯಾಗಿ ವಿಚಾರಿಸುವುದಿಲ್ಲ. ಈ ಕಥೆಯಲ್ಲಿ ನನ್ನ ಪಾಲಿನ ಕೆಡುಕು ಅಲ್ಲಿಂದಲೇ ಹುಟ್ಟಿದ್ದು.

ಗಾದೆಪ್ಪನ ಕೆಲಸ ಗುಂಡಿ ಮುಚ್ಚುವುದು. ಕೇಳುವುದಕ್ಕೆ ಸುಲಭ. ಗುಂಡಿಯನ್ನು ಮೊದಲು ಚೌಕಾಕಾರಕ್ಕೆ ಕಡಿಯಬೇಕು, ಒಳಗಿನ ಮಣ್ಣನ್ನೆಲ್ಲ ಗುಡಿಸಿ ತೆಗೆಯಬೇಕು, ತಳಕ್ಕೆ ಡಾಂಬರು ಸವರಿ, ಜಲ್ಲಿ ತುಂಬಿ, ದಮ್ಮಸಿನಿಂದ ಬಡಿಯಬೇಕು. ಎಲ್ಲ ಮುಗಿದ ಮೇಲೆ ಎರಡು ಪುಟ್ಟಿ ಕಲ್ಲುಪುಡಿಯನ್ನು ಮೇಲೆ, ಸುತ್ತ, ಧಾರಾಳವಾಗಿ ಚೆಲ್ಲಬೇಕು. ಇಲ್ಲದಿದ್ದರೆ ಹಸಿ ಡಾಂಬರು ಗಾಲಿಗೆ ಅಂಟಿಕೊಂಡು ಹಾಕಿದ ತೇಪೆಯೆಲ್ಲ ಕಿತ್ತು ಬರುತ್ತದೆ. ಆಮೇಲೆ ಎರಡು ದಿನ ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಓಡಾಡಿದರೆ ತೇಪೆ ಕೂತುಕೊಳ್ಳುತ್ತದೆ. ಮಿಕ್ಕ ಪುಡಿ ಗಾಲಿಯ ಗಾಳಿಗೆ ತಾನಾಗಿಯೇ ಅಂಚಿಗೆ ಹೋಗುತ್ತದೆ. “ಅರ್ಧ ಕೆಲ್ಸ ನಂದ್ರಿ, ಉಳಿದರ್ಧ ಗಾಡ್ಯಾರ್ದು,” ಅನ್ನುತ್ತಿದ್ದ. ಗುತ್ತಿಗೆದಾರರು ಮಣ್ಣಿನ ಮೇಲೇ ಡಾಂಬರು ಸುರಿದು ಹೋಗುವುದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅವರು ಹೋದ ಮೇಲೆ ಅದನ್ನು ಅಗೆದು ತಾನೇ ಮತ್ತೊಮ್ಮೆ ಹಾಕಿದ್ದೂ ಉಂಟು. ಯಾರೂ ಹಾಕು ಅಂದಿರಲಿಲ್ಲ. ಕೊನೆಕೊನೆಗೆ ಮೊಣಕಾಲು ಮಡಚುತ್ತಿರಲಿಲ್ಲ. ಕಾಲು ಚಾಚಿ ರಸ್ತೆಯ ಮೇಲೇ ಕುಳಿತು ಕೆಲಸ ಮಾಡುತ್ತಿದ್ದ.

ಅವನ ಕೊನೆಯ ತಿಂಗಳಿಗೇ ಸರಿಯಾಗಿ ಆ ರಸ್ತೆಗೆ ರ‍್ಯಾಲಿ ಬಂತು. ಅಂತಾರಾಷ್ಟ್ರೀಯ ಕಾರ್ ರ‍್ಯಾಲಿ ಚಾಂಪಿಯನ್‌ಶಿಪ್, ಅದರಲ್ಲಿ ಡಾಂಬರು ರಸ್ತೆಯ ಮೇಲೆ ನಡೆಯುವ ಒಂದು ಸುತ್ತು. ಎಂಟು ದೇಶದ ಚಾಲಕರು ಬರುತ್ತಾರಂತೆ, ನಮ್ಮ ಸುತ್ತಲಿನ ಐದು ತಾಲ್ಲೂಕಿನಲ್ಲಿ ಹುಡುಕಿದ ಮೇಲೆ ತಿರುವು, ಏರಿಳಿತ, ಗಟ್ಟಿ ಡಾಂಬರು ಮೂರೂ ಇರುವ ರಸ್ತೆ ಅಂದರೆ ಇದೇ ಅಂತ ಆರಿಸಿದರಂತೆ. ನಮ್ಮ ಕಡೆ ಎಲ್ಲ ಸುದ್ದಿಯೂ ಅಂತೆಯಲ್ಲೇ ಬರುವುದು. ಆದರೆ ಇದು ನಿಜವಾಯಿತು. ಹಗರಿಬೊಮ್ಮನಹಳ್ಳಿಯ ವಸತಿಗೃಹಗಳು ತುಂಬಿದವು. ಹೂವಿನಹಡಗಲಿ, ಹರಪನಹಳ್ಳಿಯಿಂದ ಹುಡುಗರು ಹಿಂದಿನ ದಿನವೇ ಬೈಕಿನಲ್ಲಿ ಬಂದು ಜಾಗ ಹಿಡಿದರು.

ಕಿರಿಯ ಇಂಜಿನಿಯರ್ ಅರುಣಕುಮಾರ್ ಕೆಲಸಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯ ಮನುಷ್ಯ, ಪುಕ್ಕಲ. ಅವನೇ ಗಾದೆಪ್ಪನನ್ನು ಕರೆದು, “ರ‍್ಯಾಲಿ ಮುಗಿದ ಸಂಜೆ ಕೊಟ್ಟೂರಲ್ಲಿ ಸ್ಟೇಜ್ ಮೇಲೆ ನಿಮಗೆ ಸನ್ಮಾನ ಇದೆ. ಶಾಲು, ಹಾರ, ಎಲ್ಲ. ಈ ರಸ್ತೆ ನೋಡ್ಕೊಂಡವರು ಇವರೇ ಅಂತ ಮೈಕ್‌ನಲ್ಲಿ ಹೇಳ್ತೀವಿ,” ಅಂದ.

ಗಾದೆಪ್ಪ ಮನೆಗೆ ಹೋಗಿ ಹೇಳಿದರೆ ಹೆಂಡತಿ ದ್ಯಾಮಕ್ಕ ನಂಬಲಿಲ್ಲ. ಎರಡನೇ ಸಲ ಹೇಳಿದ ಮೇಲೆ ನಂಬಿದಳು. ಹೊಳಲು ಊರಿನಲ್ಲಿದ್ದ ತಂಗಿಯನ್ನು ಕರೆಸಿಕೊಂಡಳು, ಹೊಸ ಸೀರೆ ತಂದಳು. ಮೂವತ್ತೊಂದು ವರ್ಷ ಗಂಡನ ಅಂಗಿಯ ಡಾಂಬರನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದವಳು ಅವಳು. ಅವನ ಹೆಸರನ್ನು ನಾಲ್ಕು ಜನರ ಮುಂದೆ ಯಾರಾದರೂ ಒಮ್ಮೆ ಒಳ್ಳೆಯ ಬಾಯಲ್ಲಿ ಹೇಳಬೇಕು, ಅದು ತನ್ನ ಕಿವಿಗೆ ಬೀಳಬೇಕು: ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅವನಿಗೂ ಅದೇ ಬೇಕಾಗಿತ್ತು. ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯ ಮಾತ್ರ ಅಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಗಾದೆಪ್ಪ ಮತ್ತು ಶೈಲಾ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ. ಶೈಲಾ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಡಂ. ರ‍್ಯಾಲಿಯ ದಿನ ಒಂಬತ್ತನೇ ಕಿಲೋಮೀಟರಿನ ಕಾವಲಿಗೆ ಸ್ವಯಂಸೇವಕಿಯಾಗಿ ನಿಂತಿದ್ದವರು.

ರ‍್ಯಾಲಿಯ ಹಿಂದಿನ ದಿನ ಚಾಲಕರೆಲ್ಲ ನಿಧಾನಕ್ಕೆ ಬಂದು ರಸ್ತೆ ನೋಡಿ, ಬರೆದುಕೊಂಡು ಹೋದರು. ನಾಲ್ಕು ಗಂಟೆಗೆ ಅಧಿಕಾರಿಗಳ ಕೊನೆಯ ತಪಾಸಣೆಯೂ ಮುಗಿಯಿತು. ಐದು ಗಂಟೆಗೆ ಗಾದೆಪ್ಪ ಸೈಕಲ್ ಮೇಲೆ ಮನೆಗೆ ಹೊರಟಾಗ ಒಂಬತ್ತನೇ ಕಲ್ಲಿನ ತಿರುವಿನಲ್ಲಿ ಊಟದ ಗಂಗಾಳದಷ್ಟು ಡಾಂಬರು ಎದ್ದಿತ್ತು. ಜೆಸಿಬಿಯೊಂದು ಹೊಲದಿಂದ ರಸ್ತೆ ಹತ್ತುವಾಗ ಹಲ್ಲು ಊರಿ ಹೋಗಿತ್ತು. ಯಾರಿಗಾದರೂ ಹೇಳಬೇಕು ಅಂತ ಅವನಿಗೆ ಹೊಳೆಯಲೂ ಇಲ್ಲ. ಗುಂಡಿ ಮುಚ್ಚುವುದಕ್ಕೆ ಯಾರನ್ನು ಕೇಳುವುದು? ಇಲಾಖೆಯ ಶೆಡ್ಡಿಗೆ ತಿರುಗಿ ಹೋಗಿ ಅರ್ಧ ಡಬ್ಬಿ ಡಾಂಬರು ತಂದ. ಚೌಕಕ್ಕೆ ಕಡಿದ, ಗುಡಿಸಿದ, ತುಂಬಿದ, ಬಡಿದ. ಮೇಲೆ ಎರಡು ಪುಟ್ಟಿ ಕಲ್ಲುಪುಡಿ ಚೆಲ್ಲಿದ. ತಿರುವಾದ್ದರಿಂದ, ಮರುದಿನ ದೊಡ್ಡ ದಿನವಾದ್ದರಿಂದ, ಇನ್ನೂ ಒಂದು ಪುಟ್ಟಿ ಹೆಚ್ಚಿಗೇ ಚೆಲ್ಲಿದ.

ಆದರೆ ಆರು ಗಂಟೆಗೆ ಪೊಲೀಸರು ರಸ್ತೆ ಮುಚ್ಚಿದರು. ಒಂದು ಬಸ್ಸಿಲ್ಲ, ಒಂದು ಟ್ರ್ಯಾಕ್ಟರಿಲ್ಲ. ಪುಡಿ ಚೆಲ್ಲಿದ ಹಾಗೆಯೇ ಉಳಿಯಿತು.

ಬೆಳಿಗ್ಗೆ ಗಾದೆಪ್ಪನಿಗೆ ಒಂದು ಕಿತ್ತಳೆ ಜಾಕೆಟ್, ಒಂದು ಕಸಬರಿಗೆ ಕೊಟ್ಟು, ಶೈಲಾ ಅವರ ಜೊತೆ ತಿರುವಿಗಿಂತ ಮುನ್ನೂರು ಹೆಜ್ಜೆ ಹಿಂದೆ, ಕಾರು ಬರುವ ಮಗ್ಗುಲಿಗೆ ನಿಲ್ಲಿಸಿದರು. ಅಲ್ಲಿಂದ ತಿರುವಿನ ಹೊರಮಗ್ಗುಲಿನ ಮೋರಿ ಕಟ್ಟೆ ಕಾಣುತ್ತಿತ್ತು. ಅಲ್ಲಿ ಕೂರಬಾರದು ಅಂತ ಹಗ್ಗ ಕಟ್ಟಿದ್ದರು. ಹಗ್ಗ ಕಟ್ಟಿದ ಜಾಗವೇ ಎಲ್ಲಕ್ಕಿಂತ ಚಲೋ ಜಾಗ ಅಂತ ನಮ್ಮ ಜನಕ್ಕೆ ಗೊತ್ತು. ನಲವತ್ತು ಐವತ್ತು ಮಂದಿ ಹೆಂಗಸರು ಮಕ್ಕಳ ಸಮೇತ ಸಾಲಾಗಿ ಕೂತಿದ್ದರು. ಶೈಲಾ ಎರಡು ಸಲ ಸೀಟಿ ಊದಿ ಎಬ್ಬಿಸಿದರು. ಎದ್ದವರು ಮತ್ತೆ ಬಂದು ಕೂತರು.

“ಮೇಡಂ, ಅಷ್ಟು ಜೋರು ಬರಾಗ ಅವ್ರಿಗೆ ರಸ್ತಿ ಹೆಂಗ ಕಾಣತೈತ್ರಿ?” ಅಂತ ಗಾದೆಪ್ಪ ಕೇಳಿದ.

“ರಸ್ತಿ ನೋಡಿ ಓಡ್ಸಂಗಿಲ್ರಿ ಯಜಮಾನ್ರ. ನಿನ್ನೆ ಬರಕಂಡು ಹೋದ್ರಲ್ಲ, ಅದನ್ನ ಬಾಜೂಕ ಕುಂತಾರು ಓದ್ತಾರ. ಡ್ರೈವರ್ ಅದನ್ನ ನಂಬಿ ತಿರುವ್ತಾನ. ನಿನ್ನೆ ರಸ್ತಿ ಹೆಂಗಿತ್ತೋ ಇವತ್ತೂ ಹಂಗ ಇರ್ಬೇಕು, ಅಷ್ಟ.”

ಗಾದೆಪ್ಪ ತಿರುವಿನ ಕಡೆ ನೋಡಿದ. ಅಷ್ಟರಲ್ಲಿ, ಸ್ಪರ್ಧೆಯವರಿಗಿಂತ ಮೊದಲು ರಸ್ತೆ ನೋಡಿಕೊಂಡು ಹೋಗುವ ಕಾರು ಬಂತು. ಅದು ಅರ್ಧ ಜೋರಿನಲ್ಲಷ್ಟೇ ಇತ್ತು. ತಿರುವಿಗೆ ಹೋದದ್ದೇ ಅದರ ಹಿಂಭಾಗ ಹೊರಗೆ ಜಾರಿತು. ಬೇವಿನ ಮರದೆತ್ತರಕ್ಕೆ ಬಿಳಿ ಧೂಳು ಎದ್ದಿತು. ಕಾರು ಹೇಗೋ ಸಾವರಿಸಿಕೊಂಡು ಹೊರಟುಹೋಯಿತು. ಮೋರಿ ಕಟ್ಟೆಯವರು ಚಪ್ಪಾಳೆ ತಟ್ಟಿದರು.

“ಮೇಡಂ, ಅದು ನಂದ್ರಿ,” ಅಂದ ಗಾದೆಪ್ಪ. “ಆ ಪುಡಿ ನಂದು. ನಿನ್ನೆ ಸಂಜಿಕ ಹಾಕೀನಿ. ಇವ್ರು ಬರಕಂಡು ಹೋದ ಮ್ಯಾಲ.”

ಶೈಲಾಗೆ ತಕ್ಷಣ ಅರ್ಥವಾಯಿತು. ವಾಕಿಟಾಕಿ ಒತ್ತಿದರು. ಗುಡ್ಡದ ಮರೆ, ಕರಕರ ಸದ್ದು ಬಿಟ್ಟರೆ ಏನೂ ಇಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಮೊದಲ ಸ್ಪರ್ಧಿ ಹೊರಡಲು ಮೂರ್ನಾಲ್ಕು ನಿಮಿಷ, ಇಲ್ಲಿಗೆ ಬರಲು ಐದು. ಶೈಲಾ ಎತ್ತರದ ಬಂಡೆಯೊಂದನ್ನು ಹತ್ತಿ ವಾಕಿಟಾಕಿಯಲ್ಲಿ ಮತ್ತೆ ಮತ್ತೆ ಕೂಗುತ್ತಿದ್ದರು. ತಿರುಗಿ ನೋಡಿದರೆ ಗಾದೆಪ್ಪ ಇರಲಿಲ್ಲ. ಕಸಬರಿಗೆ ಹಿಡಿದು ತಿರುವಿನ ಕಡೆ ಓಡುತ್ತಿದ್ದ. ಓಡುವುದು ಅಂದರೆ ಏನು, ಒಂದು ಕಾಲು ಎಳೆದುಕೊಂಡು ಜಿಗಿಯುವುದು. ಹಗ್ಗದಾಚೆಯ ಹುಡುಗರು ಸಿಳ್ಳೆ ಹಾಕಿದರು.

ಸ್ಪರ್ಧೆ ನಡೆಯುವಾಗ ರಸ್ತೆಗೆ ಒಬ್ಬ ಇಳಿದರೂ ಆಟ ನಿಲ್ಲುತ್ತದೆ ಅಂತ ಅವನಿಗೆ ಬೆಳಿಗ್ಗೆಯೇ ಹೇಳಿದ್ದರು. ಹಾಗೆ ಇಳಿದವನಿಗೆ ಸಂಜೆ ಯಾರೂ ಶಾಲು ಹೊದಿಸುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. “ಓಡಾಗ ಅದ ತಲ್ಯಾಗಿತ್ರಿ,” ಅಂತ ಆಮೇಲೆ ನನಗೆ ಹೇಳಿದ. “ದ್ಯಾಮಕ್ಕ ಸೀರಿ ಉಟ್ಟು ತಯಾರಾಗಿ ಕುಂತಿರ್ತಾಳ ಅಂತ.”

ಗುಡಿಸಿದ. ಮೂರು ಪುಟ್ಟಿ ಪುಡಿ ಮೂರು ನಿಮಿಷದಲ್ಲಿ ಹೋಗುವಂಥದ್ದಲ್ಲ. ಅರ್ಧವೂ ಆಗಿರಲಿಲ್ಲ, ಗುಡ್ಡದ ಆಚೆ ಕಾರಿನ ಸದ್ದು ಕೇಳಿತು. ಕಸಬರಿಗೆ ಬಿಸುಟು, ಜಾಕೆಟ್ ಕಿತ್ತು ಬೀಸುತ್ತ, ಕಾರು ಬರುವ ಕಡೆಗೇ ನಡುರಸ್ತೆಯಲ್ಲಿ ಹೋಗಿ ನಿಂತ. ನೀಲಿ ಕಾರು ಗಾಲಿ ಕಿರುಚಿಸಿ, ಅಡ್ಡಡ್ಡ ಹೊರಳಿ, ಅವನಿಂದ ಎರಡು ಮಾರು ದೂರದಲ್ಲಿ ನಿಂತಿತು. ಹೆಲ್ಮೆಟ್ ಹಾಕಿದ ವಿದೇಶಿ ಚಾಲಕ ಇಳಿದು ಬಂದು ಜೋರಾಗಿ ಏನೋ ಬೈದ. ಗಾದೆಪ್ಪ ಬೆರಳು ಮಾಡಿ ತಿರುವು ತೋರಿಸಿದ. ಚಾಲಕ ಹೋಗಿ ಬೂಟಿನಿಂದ ಪುಡಿಯನ್ನು ಉಜ್ಜಿ ನೋಡಿದ. ತಲೆ ಎತ್ತಿ ಮೋರಿ ಕಟ್ಟೆಯ ಸಾಲನ್ನು ನೋಡಿದ. ಆಮೇಲೆ ಬೈಯಲಿಲ್ಲ. ಕಾರಿನ ಬಾಗಿಲಿಗೆ ಒರಗಿ ಕೆಳಗೆ ಕೂತುಬಿಟ್ಟ.

ಹಿಂದಿನ ಕಾರುಗಳನ್ನೆಲ್ಲ ನಿಲ್ಲಿಸಿದರು. ಎಲ್ಲ ಸರಿಯಾಗುವ ಹೊತ್ತಿಗೆ ವೇಳೆ ಮೀರಿ, ಆ ರಸ್ತೆಯ ಓಟವೇ ರದ್ದಾಯಿತು. ಬೆಳಗಿನ ಜಾವದಿಂದ ಕಾದಿದ್ದ ಜನ ಸುಮ್ಮನಿರುತ್ತಾರೆಯೇ? ಗಾದೆಪ್ಪನ ಮೇಲೆ ನೀರಿನ ಪಾಕೀಟು ಎಸೆದರು. ಮೋರಿ ಕಟ್ಟೆಯಿಂದಲೂ ಎಸೆದರು.

ಶೈಲಾ ತಮ್ಮ ಮೇಲಿನವರಿಗೆ ನಡೆದದ್ದನ್ನು ಹೇಳಿದರು. ಅವರು ಬರೆದುಕೊಂಡರು, ಅದು ಅವರ ಕಡತಕ್ಕೆ ಹೋಯಿತು. ಅರುಣಕುಮಾರ್ ಮಾತ್ರ ಗಾದೆಪ್ಪನನ್ನು ಜೀಪಿನ ಹಿಂದಕ್ಕೆ ಕರೆದೊಯ್ದು, “ಪುಡಿ ವಿಷಯ ಎಲ್ಲೂ ಮಾತಾಡ್ಬೇಡಿ. ತಪಾಸಣೆ ಆದಮೇಲೆ ರಸ್ತೆ ಮುಟ್ಟಿದ್ದಕ್ಕೆ ನಿಮ್ಮನ್ನೂ ಕೇಳ್ತಾರೆ, ನನ್ನನ್ನೂ ಕೇಳ್ತಾರೆ,” ಅಂದ. ಗಾದೆಪ್ಪ ತಲೆಯಾಡಿಸಿದ.

ಇಷ್ಟೆಲ್ಲ ನಡೆಯುವಾಗ ನಾನು ಎಲ್ಲಿದ್ದೆ? ಕೊಟ್ಟೂರಿನ ಸ್ಟೇಜಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ. ಬಿಸಿಲಿಗೆ ತಲೆ ನೋಯುತ್ತಿತ್ತು. ಮಧ್ಯಾಹ್ನದೊಳಗೆ ಸುದ್ದಿ ಬೇಕು ಅಂತ ದಾವಣಗೆರೆಯಿಂದ ಫೋನು. ಅರುಣಕುಮಾರ್ ಸಿಕ್ಕಿದ. ಯಾರ್ರೀ ಅವನು, ಯಾಕೆ ರಸ್ತೆಗೆ ನುಗ್ಗಿದ, ಅಂತ ಕೇಳಿದೆ. ಅವನು ಅತ್ತ ಇತ್ತ ನೋಡಿ, “ನಮ್ಮ ಗ್ಯಾಂಗ್‌ಮನ್ ಸರ್. ಸ್ವಲ್ಪ ಹಾಕ್ಕೊಂಡಿದ್ದ ಅನ್ಸುತ್ತೆ,” ಅಂದ. ಅನಿಸುತ್ತೆ ಅನ್ನುವುದು ನನ್ನ ಬೆರಳಿಗೆ ಬರುವಷ್ಟರಲ್ಲಿ ಬಿದ್ದುಹೋಯಿತು. ಮದ್ಯದ ಅಮಲಿನಲ್ಲಿದ್ದ ಕಾರ್ಮಿಕ ರಸ್ತೆಗೆ ನುಗ್ಗಿ ಅಂತಾರಾಷ್ಟ್ರೀಯ ರ‍್ಯಾಲಿ ಕೆಡಿಸಿದ ಅಂತ ಎರಡು ಕಾಲಂ ಸುದ್ದಿ, ಹೆಸರು ಸಮೇತ. ಗಾದೆಪ್ಪ ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಷ್ಟೇ ಇದ್ದ. ನಾನು ಹೋಗಲಿಲ್ಲ.

ಅವನಿಗಾಗಿ ತರಿಸಿದ್ದ ಹಾರವನ್ನು ಸಂಜೆ ಒಬ್ಬ ಗುತ್ತಿಗೆದಾರನಿಗೆ ಹಾಕಿದರು. ಅದನ್ನೂ ನಾನೇ ಬರೆದೆ.

ಮೂರು ವಾರದ ಮೇಲೆ ಶೈಲಾ ಏನೋ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬಂದರು. ಗೋಡೆಗೆ ಅಂಟಿಸಿದ ನನ್ನ ಪತ್ರಿಕೆಯ ಗುರುತಿನ ಚೀಟಿ ನೋಡಿದರು. “ಆ ಸುದ್ದಿ ಬರ್ದಾರು ನೀವೇನ್ರಿ?” ಅಂದರು. ಹೌದು ಅಂದೆ. ಗಿರಾಕಿಗಳ ಮುಂದೆಯೇ ನನ್ನ ಮುಖದ ನೀರಿಳಿಸಿದರು. “ಆ ಮನುಷ್ಯಾ ಜೀವಮಾನದಾಗ ಕುಡಿದಾಂವ ಅಲ್ಲ. ನಿಮ್ಮನಿ ಮಂದಿ ಆ ಕಟ್ಟಿ ಮ್ಯಾಲ ಕುಂತಿದ್ರ ಗೊತ್ತಾಗ್ತಿತ್ತು.” ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೂ ಬೈದು, ಮೇಜಿನ ಮೇಲೆ ಚಿಲ್ಲರೆ ಇಟ್ಟು ಹೋದರು.

ಮರುದಿನ ಗಾದೆಪ್ಪನ ಮನೆಗೆ ಹೋದೆ. ಅಷ್ಟರಲ್ಲಿ ಅವನ ನಿವೃತ್ತಿಯೂ ಆಗಿತ್ತು. ಬಾಗಿಲಲ್ಲಿ ದ್ಯಾಮಕ್ಕ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದ ಮೇಲೆ ಅವಳ ಕೈ ನಿಂತಿತು.

“ತಮ್ಮಾ, ನಮ್ಮನಿಯಾಗ ಕುಡಿಯಾರು ಯಾರಿಲ್ಲ. ನಳದ ಹತ್ರ ಹೋದ್ರ ಹೆಣ್ಮಕ್ಳು ಕೇಳ್ತಾರ, ಎಷ್ಟು ವರ್ಸದಿಂದ ಕುಡೀತಿದ್ದ, ನಮಗ ಗೊತ್ತ ಆಗ್ಲಿಲ್ಲಲ್ಲಬೇ ಅಂತ. ಏನ್ ಹೇಳ್ಲಿ?”

ಗಾದೆಪ್ಪ ಒಳಗೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. “ಬರ್ರಿ ಸಾವ್ಕಾರ್ರ, ಕುಂದರ್ರಿ,” ಅಂದ. ಸಿಟ್ಟಿಲ್ಲ, ಏನಿಲ್ಲ. ಸಿಟ್ಟು ಮಾಡುವುದಕ್ಕೂ ಒಂದಷ್ಟು ತ್ರಾಣ ಬೇಕು. ನಾನು ಕೇಳಿದೆ, ಅವನು ಹೇಳಿದ. ಇದನ್ನೆಲ್ಲ ಬರೆದು ಸರಿಮಾಡುತ್ತೇನೆ ಗಾದೆಪ್ಪಣ್ಣ, ನೀವು ಐವತ್ತು ಜೀವ ಉಳಿಸಿದ್ದೀರಿ ಅಂತ ಬರೆಯುತ್ತೇನೆ ಅಂದೆ.

“ಬ್ಯಾಡ್ರಿ,” ಅಂದ.

“ಯಾಕ್ರಿ?”

“ಉಳ್ಸಿದ ಅಂತ ಬರದ್ರ, ಏನಿಂದ ಉಳ್ಸಿದ ಅಂತನೂ ಬರೀಬೇಕಲ್ರಿ. ಪುಡಿ ಚೆಲ್ಲಿದ್ದು ನಾನ. ಕುಡುಕ ಅಂದ್ರ ಮಂದಿ ನಾಕ್ ದಿನ ನಗ್ತಾರ, ಮರೀತಾರ. ಕೆಲ್ಸ ಗೊತ್ತಿಲ್ಲದಾಂವ ಅಂದ್ರ ಮರೆಯಂಗಿಲ್ರಿ. ನನ್ ಹತ್ರ ಇರಾದು ಅದೊಂದ. ಅದೊಂದಾರ ಇರ್ಲಿ.”

ನಾನು ಏಳುವವನಿದ್ದೆ. ದ್ಯಾಮಕ್ಕ ಮೊರ ಹಿಡಿದೇ ಒಳಗೆ ಬಂದಳು.

“ನಿಮಗ ಇರ್ಲಿ. ನನಗ?” ಅಂದಳು ಗಂಡನಿಗೆ. “ಮೂವತ್ತೊಂದು ವರ್ಸ ನಾ ಏನ್ ಕೇಳೀನಿ ನಿಮ್ಮನ್ನ? ಕುಡುಕನ ಹೆಂಡ್ತಿ ಅನ್ಸಿಕ್ಯಂಡು ನಾ ಸಾಯಾಕ ಒಲ್ಲೆ.”

ಗಾದೆಪ್ಪ ಮೊಣಕಾಲು ನೀವಿಕೊಳ್ಳುತ್ತ ಕೂತ. ಕೊನೆಗೆ ನನ್ನನ್ನು ನೋಡದೆ ಹೇಳಿದ: “ಬರೀರಿ. ಆದ್ರ ಮದ್ಲು ನಿಮ್ದು ಬರೀರಿ, ಆಮ್ಯಾಲ ನಂದು.”

ಅವನು ಹೇಳಿದಂತೆಯೇ ಬರೆದೆ. ಮೊದಲ ಹತ್ತು ಸಾಲು ನನ್ನದು: ನಾನು ಸ್ಥಳಕ್ಕೆ ಹೋಗಿರಲಿಲ್ಲ, ಅವನು ಕುಡಿದಿರಲಿಲ್ಲ, ಬರೆದದ್ದು ಸುಳ್ಳು, ಕ್ಷಮಿಸಬೇಕು. ಮುಂದಿನ ಹತ್ತು ಸಾಲು ಅವನದು: ಪುಡಿ ಯಾಕೆ ಚೆಲ್ಲಿದ, ಯಾಕೆ ಓಡಿದ, ಕಟ್ಟೆಯ ಮೇಲೆ ಎಷ್ಟು ಜನ ಇದ್ದರು. ಇಪ್ಪತ್ತು ವರ್ಷದಲ್ಲಿ ನಾನು ನೆಟ್ಟಗೆ ಬರೆದದ್ದು ಅದೊಂದೇ ಇರಬೇಕು. ಮೂರು ಸಲ ಓದಿ ಕಳಿಸಿದೆ.

ನಾಲ್ಕನೇ ದಿನ ಬಂತು, ಒಳಪುಟದಲ್ಲಿ, ನಾಲ್ಕು ಸಾಲು. ‘ರ‍್ಯಾಲಿ ರದ್ದು: ಕಾರ್ಮಿಕ ಸುರಿದ ಕಲ್ಲುಪುಡಿಯೇ ಕಾರಣ.’ ಉಳಿದದ್ದು ಇರಲಿಲ್ಲ. ಫೋನು ಮಾಡಿದರೆ ಡೆಸ್ಕಿನವನು, “ತಪ್ಪಾಯ್ತು ಅಂತೆಲ್ಲ ನಮ್ಮಲ್ಲಿ ಹಾಕಲ್ಲ ಸರ್. ಸುದ್ದಿ ಎಷ್ಟಿತ್ತೋ ಅಷ್ಟನ್ನ ತಗೊಂಡ್ವಿ,” ಅಂದ. ಕೂಗಾಡಿದೆ. ಅವನು ಆಯ್ತು ಸರ್ ಆಯ್ತು ಸರ್ ಅಂತ ಫೋನು ಇಟ್ಟ. ಗಾಳಿ ಗುದ್ದಿ ಕೈ ನೋಯಿಸಿಕೊಂಡ ಹಾಗಾಯಿತು.

ಗಾದೆಪ್ಪನ ಮನೆಗೆ ಹೋಗದೆ ಇರಬಹುದಿತ್ತು. ಒಂದು ಸಲ ಹೋಗದೆ ಇದ್ದದ್ದಕ್ಕೇ ಇಷ್ಟಾಗಿದೆ ಅಂತ ಪತ್ರಿಕೆ ಹಿಡಿದು ಹೋದೆ. ದ್ಯಾಮಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಗಂಡನ ಪಕ್ಕ ಬಂದು ಕೂತಳು. ಸನ್ಮಾನದ ಸಂಜೆಗೆ ತಂದಿದ್ದ ಹೊಸ ಸೀರೆಯನ್ನು ಉಟ್ಟಿದ್ದಳು. ಸುದ್ದಿ ಬಂದಿದೆ ಅಂತ ಯಾರೋ ಹೇಳಿದ್ದರಂತೆ. ಓದು ಅಂದಳು. ನಾಲ್ಕೂ ಸಾಲು ಓದಿದೆ. ಓದಿ ಮುಗಿಸಿದ ಮೇಲೂ ಇನ್ನೂ ಇದೆ ಅಂದುಕೊಂಡು ಕಾಯುತ್ತ ಕೂತಳು.

“ಕುಡಿದಿದ್ದಿಲ್ಲ ಅಂತ ಐತೇನು ತಮ್ಮಾ ಅದರಾಗ?”

“ಇಲ್ಲಬೇ,” ಅಂದೆ.

ಅವಳು ಗಂಡನ ಮುಖ ನೋಡಿದಳು. ಗಾದೆಪ್ಪ ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು, ಅಕ್ಷರ ಕೂಡಿಸಿಕೊಂಡು, ತನ್ನ ಹೆಸರಿನವರೆಗೆ ತಾನೇ ಓದಿದ.

“ಪುಡಿ ಚೆಲ್ಲಿದ್ದು ಖರೆ ಐತಿ,” ಅಂದ. “ಇದೊಂದಾರ ಖರೇದು ಬರದೀರಿ. ಕುಂದರ್ರಿ, ಚಾ ಕುಡದು ಹೋಗ್ರಿ.”